ಅಲೋನ್ ಅನ್ನೋ ಪದ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನಲ್ಲಿ ಐದೇ ಅಕ್ಷರದ ಪದ ಅಲೋನ್. ಅರ್ಥ ಬಹಳ ಜನಕ್ಕೆ ಗೊತ್ತು. ಆದರೂ ಬರೆಯಲು ಕೂತಾಗ ಕೈ ತಡೆಯುತ್ತದೆ. ವಾಕ್ಯದಲ್ಲಿ ಎಲ್ಲಿ ಇಡಬೇಕು, ಲೋನ್ಲಿ ಅನ್ನಬೇಕೋ ಅಲೋನ್ ಅನ್ನಬೇಕೋ, ಓನ್ಲಿ ಹಾಕಿದರೆ ಸಾಕೋ ಅಂತ ಅನುಮಾನ ಶುರುವಾಗುತ್ತದೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಇಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಬಾಯಿಬಿಟ್ಟು ಓದಿಕೊಳ್ಳಿ, ಬೇಗ ಕಿವಿಗೆ ಹತ್ತುತ್ತವೆ.

## ಮೊದಲ ಪ್ರಶ್ನೆಗಳು

ಅಲೋನ್ ಅಂದ್ರೆ ಒಂಟಿ ಅಂತ ತಾನೇ? ಅಷ್ಟೇನಾ?

ಅಷ್ಟೇ ಅಲ್ಲ. ಅದಕ್ಕೆ ಎರಡು ದೊಡ್ಡ ಅರ್ಥಗಳಿವೆ.

ಒಂದು, ಜೊತೆಗೆ ಯಾರೂ ಇಲ್ಲದೆ. "ಶಿ ಲಿವ್ಸ್ ಅಲೋನ್" ಅಂದರೆ ಅವಳು ಒಬ್ಬಳೇ ವಾಸವಾಗಿದ್ದಾಳೆ. ಯಾರ ಸಹಾಯವೂ ಇಲ್ಲದೆ ಅನ್ನುವುದೂ ಇದೇ ಅರ್ಥದ ಪಕ್ಕದಲ್ಲೇ ಇದೆ. "ಹಿ ಬಿಲ್ಟ್ ದಿ ಬೋಟ್ ಅಲೋನ್" ಅಂದರೆ ದೋಣಿಯನ್ನು ಅವನೊಬ್ಬನೇ ಕಟ್ಟಿದ, ಇನ್ನೊಬ್ಬರು ಕೈ ಹಾಕಲಿಲ್ಲ.

ಎರಡು, ಮಾತ್ರ. "ಶಿ ಅಲೋನ್ ನೋಸ್ ದಿ ಆನ್ಸರ್" ಅಂದರೆ ಉತ್ತರ ಗೊತ್ತಿರುವುದು ಅವಳಿಗೆ ಮಾತ್ರ. ಆಕೆಯ ಸುತ್ತ ನೂರು ಜನ ಕೂತಿದ್ದರೂ ಈ ವಾಕ್ಯ ಸರಿಯೇ. ಒಂಟಿತನದ ಮಾತೇ ಇಲ್ಲಿಲ್ಲ.

ಕನ್ನಡದ "ಒಂಟಿ" ಅನ್ನುವ ಪದಕ್ಕೆ ಸ್ವಲ್ಪ ಬೇಸರದ ಬಣ್ಣ ಇದೆ. ಅಲೋನ್‌ಗೆ ಆ ಬಣ್ಣ ಇಲ್ಲ. ಅದಕ್ಕೇ "ಒಂಟಿ" ಅಂತ ನೆನಪಿಟ್ಟುಕೊಳ್ಳುವುದಕ್ಕಿಂತ "ಒಬ್ಬನೇ, ಒಬ್ಬಳೇ, ಒಬ್ಬರೇ" ಅಂತ ಇಟ್ಟುಕೊಳ್ಳುವುದು ಒಳ್ಳೆಯದು.

ಅಲೋನ್‌ಗೂ ಲೋನ್ಲಿಗೂ ಏನು ವ್ಯತ್ಯಾಸ?

ಅಲೋನ್ ನೀವು ಇರುವ ಸ್ಥಿತಿ. ಲೋನ್ಲಿ ನಿಮಗೆ ಆಗುವ ಅನುಭವ. ಮೊದಲನೆಯದನ್ನು ಬೇರೆಯವರು ನೋಡಿ ಹೇಳಬಹುದು. ಎರಡನೆಯದು ಅವರವರಿಗೇ ಗೊತ್ತು.

1969ರ ಜುಲೈನಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಚಂದ್ರನ ಮೇಲೆ ಇಳಿದಾಗ ಮೂರನೆಯವರು ಮೈಕೆಲ್ ಕಾಲಿನ್ಸ್ ಮೇಲೆ ನೌಕೆಯಲ್ಲೇ ಉಳಿದು ಚಂದ್ರನನ್ನು ಸುತ್ತುತ್ತಿದ್ದರು. ಒಂದು ದಿನಕ್ಕೂ ಜಾಸ್ತಿ ಹೊತ್ತು ಅವರೊಬ್ಬರೇ. ಪ್ರತಿ ಸುತ್ತಿನಲ್ಲೂ ನೌಕೆ ಚಂದ್ರನ ಹಿಂಬದಿಗೆ ಹೋದಾಗ ಭೂಮಿಯ ಜೊತೆ ರೇಡಿಯೋ ಸಂಪರ್ಕವೂ ಇರುತ್ತಿರಲಿಲ್ಲ. ಅವರಷ್ಟು ಅಲೋನ್ ಆಗಿದ್ದವರು ಬಹಳ ಕಡಿಮೆ. ಆದರೆ ತಮಗೆ ಆಗ ಒಂಟಿತನ ಕಾಡಲಿಲ್ಲ ಅಂತ ಅವರೇ ಆಮೇಲೆ ಬರೆದಿದ್ದಾರೆ. ಇದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ "ಹಿ ವಾಸ್ ಅಲೋನ್, ಬಟ್ ನಾಟ್ ಲೋನ್ಲಿ."

ಇದರ ಉಲ್ಟಾ ಕೂಡ ದಿನವೂ ನಡೆಯುತ್ತದೆ. ತುಂಬಿದ ಮನೆಯಲ್ಲಿ, ಗದ್ದಲದ ಕಚೇರಿಯಲ್ಲಿ ಕೂತವರಿಗೂ ಲೋನ್ಲಿ ಅನ್ನಿಸಬಹುದು. ಅವರು ಅಲೋನ್ ಅಲ್ಲ.

ಲೋನ್ಲಿ ಕೊನೇಲಿ "ಲಿ" ಇದೆ. ಹಾಗಾದ್ರೆ ಅದೇ ಕ್ರಿಯಾವಿಶೇಷಣ ಅಲ್ವಾ? "ಐ ವೆಂಟ್ ಲೋನ್ಲಿ" ಅಂದ್ರೆ ಏನು ತಪ್ಪು?

ಈ ಅನುಮಾನ ಬರುವುದು ಸಹಜ. ಸ್ಲೋ ಇಂದ ಸ್ಲೋಲಿ, ಕ್ವಿಕ್ ಇಂದ ಕ್ವಿಕ್ಲಿ ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ಆದರೆ "ಲಿ" ಇರುವ ಪದಗಳೆಲ್ಲ ಕ್ರಿಯಾವಿಶೇಷಣ ಅಲ್ಲ. ಫ್ರೆಂಡ್ಲಿ, ಲವ್ಲಿ, ಲೋನ್ಲಿ ಇವೆಲ್ಲ ಗುಣವಾಚಕಗಳು. ಅವು ವ್ಯಕ್ತಿ ಹೇಗಿದ್ದಾನೆ ಅಂತ ಹೇಳುತ್ತವೆ, ಕೆಲಸ ಹೇಗೆ ನಡೆಯಿತು ಅಂತ ಹೇಳುವುದಿಲ್ಲ.

ಅಲೋನ್‌ನಲ್ಲಿ "ಲಿ" ಇಲ್ಲ, ಆದರೂ ಅದು ಕ್ರಿಯಾವಿಶೇಷಣದ ಕೆಲಸ ಮಾಡುತ್ತದೆ. ಹಾಗಾಗಿ "ಐ ವೆಂಟ್ ಅಲೋನ್", "ಐ ಟ್ರಾವೆಲ್ಡ್ ಅಲೋನ್", "ಐ ಏಟ್ ಅಲೋನ್". ಬೇಸರವನ್ನೂ ಸೇರಿಸಬೇಕಾದರೆ ಇನ್ನೊಂದು ವಾಕ್ಯ ಬರೆಯಿರಿ: "ಐ ಫೆಲ್ಟ್ ಲೋನ್ಲಿ." "ಅಲೋನ್ಲಿ" ಅನ್ನುವ ಪದ ಇವತ್ತಿನ ಇಂಗ್ಲಿಷಿನಲ್ಲಿ ಬಳಕೆಯಲ್ಲಿಲ್ಲ.

ಮದುವೆ ಆಗಿಲ್ಲ ಅನ್ನೋಕೆ "ಐ ಆಮ್ ಅಲೋನ್" ಅನ್ನಬಹುದಾ?

ಬೇಡ. ಅದಕ್ಕೆ "ಐ ಆಮ್ ಸಿಂಗಲ್" ಅನ್ನಿ. "ಐ ಆಮ್ ಅಲೋನ್" ಅಂದರೆ ಈ ಹೊತ್ತಿನಲ್ಲಿ ನಿಮ್ಮ ಜೊತೆ ಯಾರೂ ಇಲ್ಲ ಅಂತ ಕೇಳಿಸುತ್ತದೆ, ಅಥವಾ ಬದುಕಿನಲ್ಲಿ ತನ್ನವರು ಅಂತ ಯಾರೂ ಇಲ್ಲ ಅಂತ. ಹಾಗೇ "ಸಿಂಗಲ್ ಆಗಿ ಬಂದೆ" ಅನ್ನುವುದನ್ನು "ಐ ಕೇಮ್ ಸಿಂಗಲ್" ಅಂತ ತಿರುಗಿಸಬೇಡಿ. "ಐ ಕೇಮ್ ಅಲೋನ್" ಅನ್ನಿ.

"ಎ ಲೋನ್" ಅಂದ ಹಾಗೇ ಕೇಳಿಸುತ್ತಲ್ಲ, ಉಚ್ಚಾರಣೆ ಸರಿಯಾಗಿದೆಯಾ?

ಸರಿಯಾಗಿಯೇ ಇದೆ. ಸಾಲ ಅನ್ನುವ ಅರ್ಥದ "ಎ ಲೋನ್" ಮತ್ತು ಅಲೋನ್ ಮಾತಿನಲ್ಲಿ ಒಂದೇ ಥರ ಕೇಳಿಸುತ್ತವೆ. ಎರಡರಲ್ಲೂ ಮೊದಲ "ಅ" ಬಹಳ ಹಗುರ, ಒತ್ತು "ಲೋನ್" ಮೇಲೆ. ಸಂದರ್ಭ ನೋಡಿ ಅರ್ಥ ತಿಳಿದುಕೊಳ್ಳಬೇಕು. ಕನ್ನಡಿಗರು ಮೊದಲ ಅಕ್ಷರಕ್ಕೂ ಪೂರಾ ಒತ್ತು ಕೊಡುವುದುಂಟು. ಅದನ್ನು ಸ್ವಲ್ಪ ತಗ್ಗಿಸಿದರೆ ಸಾಕು.

## ವಾಕ್ಯದಲ್ಲಿ ಎಲ್ಲಿ ಕೂರುತ್ತದೆ

"ಆನ್ ಅಲೋನ್ ಮ್ಯಾನ್" ಅಂತ ಬರೆದೆ. ಮೇಷ್ಟ್ರು ಕೆಂಪು ಗೆರೆ ಎಳೆದ್ರು. ಯಾಕೆ?

ಅಲೋನ್ ನಾಮಪದದ ಮುಂದೆ ಹೀಗೆ ಬಂದು ಕೂರುವುದಿಲ್ಲ. ಅದು ಒಂದೇ ಅಲ್ಲ, ಆ ಗುಂಪಿನ ಹಲವು ಪದಗಳದ್ದು ಇದೇ ಸ್ವಭಾವ: ಅಸ್ಲೀಪ್, ಅವೇಕ್, ಅಲೈವ್, ಅಫ್ರೇಡ್, ಅಲೈಕ್. "ದಿ ಬೇಬಿ ಈಸ್ ಅಸ್ಲೀಪ್" ಸರಿ, "ಆನ್ ಅಸ್ಲೀಪ್ ಬೇಬಿ" ಸರಿಯಲ್ಲ, "ಎ ಸ್ಲೀಪಿಂಗ್ ಬೇಬಿ" ಅನ್ನಬೇಕು. ಹಾಗೇ "ದಿ ಮ್ಯಾನ್ ಈಸ್ ಅಲೋನ್" ಸರಿ.

ನಾಮಪದದ ಮುಂದೆಯೇ ಬೇಕು ಅಂದರೆ ಬೇರೆ ಪದಗಳಿವೆ. "ಎ ಲೋನ್ ಮ್ಯಾನ್" ಅಂದರೆ ಅಲ್ಲಿ ಇದ್ದದ್ದು ಒಬ್ಬನೇ. "ಎ ಲೋನ್ಲಿ ಮ್ಯಾನ್" ಅಂದರೆ ಒಂಟಿತನ ಕಾಡುತ್ತಿರುವವನು. "ಎ ಸಾಲಿಟರಿ ಮ್ಯಾನ್" ಅಂದರೆ ತನ್ನ ಪಾಡಿಗೆ ಒಬ್ಬನೇ ಇರುವ ಸ್ವಭಾವದವನು. ಬಯಲಿನ ನಡುವೆ ನಿಂತ ಒಂದೇ ಒಂದು ಮರಕ್ಕೆ "ಎ ಲೋನ್ ಟ್ರೀ" ಅಂತಾರೆ. ಇಲ್ಲಿ "ಎ" ಮತ್ತು "ಲೋನ್" ಬಿಡಿಬಿಡಿಯಾಗಿ ಬರೆಯಬೇಕು, ಅದು ಮುಖ್ಯ.

ಈಚೆಗೆ ಮಾತಿನಲ್ಲಿ "ಅಲೋನ್ ಟೈಮ್" ಅನ್ನುವುದು ಬಳಕೆಗೆ ಬಂದಿದೆ. "ಐ ನೀಡ್ ಸಮ್ ಅಲೋನ್ ಟೈಮ್." ನಿಯಮ ಮೀರಿದರೂ ಜನ ಒಪ್ಪಿಕೊಂಡಿದ್ದಾರೆ. ಗೆಳೆಯರ ಜೊತೆ ಮಾತಾಡುವಾಗ ಧಾರಾಳವಾಗಿ ಬಳಸಿ. ಅರ್ಜಿಯಲ್ಲೋ ಪರೀಕ್ಷೆಯಲ್ಲೋ ಬೇಡ.

"ನಾನೊಬ್ಬನೇ ಹೋದೆ" ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಗೆ ಹೇಳೋದು? "ಐ ಅಲೋನ್ ವೆಂಟ್" ಅಂದ್ರೆ ಸರಿನಾ?

ಈ ಇಡೀ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ. ಕನ್ನಡಿಗರು ಅಲೋನ್ ವಿಷಯದಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ.

"ನಾನೊಬ್ಬನೇ ಹೋದೆ" ಅನ್ನುವುದಕ್ಕೆ ಕನ್ನಡದಲ್ಲೇ ಎರಡು ಅರ್ಥ. ಜೊತೆಗೆ ಯಾರನ್ನೂ ಕರೆದುಕೊಳ್ಳದೆ ಹೋದೆ ಅಂತ ಒಂದು. ಎಲ್ಲರನ್ನೂ ಕರೆದಿದ್ದರು, ಹೋದವನು ನಾನು ಮಾತ್ರ ಅಂತ ಇನ್ನೊಂದು. ಮಾತಾಡುವಾಗ ದನಿಯ ಏರಿಳಿತದಲ್ಲಿ, ಹಿಂದೆಮುಂದಿನ ಮಾತಿನಲ್ಲಿ ಯಾವುದು ಅಂತ ಗೊತ್ತಾಗುತ್ತದೆ. "ಒಬ್ಬನೇ" ಅನ್ನುವುದರ ಕೊನೆಯ "ಏ" ಎರಡೂ ಕೆಲಸವನ್ನು ಹೊರುತ್ತದೆ.

ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವುದು ಜಾಗ. ಅಲೋನ್ ಕ್ರಿಯಾಪದದ ಆಮೇಲೆ ಬಂದರೆ ಸಾಮಾನ್ಯವಾಗಿ ಜೊತೆ ಇಲ್ಲದೆ ಅಂತ ಅರ್ಥ: "ಐ ವೆಂಟ್ ಅಲೋನ್." ಕರ್ತೃವಿನ ಬೆನ್ನಿಗೇ ಬಂದರೆ ನಾನು ಮಾತ್ರ ಅಂತ ಅರ್ಥ: "ಐ ಅಲೋನ್ ವೆಂಟ್." ಮೊದಲನೆಯದು ಹೋದ ರೀತಿಯನ್ನು ಹೇಳುತ್ತದೆ. ಎರಡನೆಯದು ಹೋದವರ ಪಟ್ಟಿಯನ್ನು ಹೇಳುತ್ತದೆ, ಆ ಪಟ್ಟಿಯಲ್ಲಿ ಒಂದೇ ಹೆಸರು.

ಇತಿಹಾಸದ ಒಂದು ಘಟನೆ ತೆಗೆದುಕೊಂಡು ನೋಡೋಣ. ಜೋಶುವಾ ಸ್ಲೋಕಮ್ 1895ರಲ್ಲಿ ಅಮೆರಿಕದ ಬೋಸ್ಟನ್ ಬಂದರಿನಿಂದ ಸ್ಪ್ರೇ ಅನ್ನುವ ಹಾಯಿದೋಣಿಯಲ್ಲಿ ಹೊರಟು, ಭೂಮಿಯನ್ನು ಸುತ್ತಿ, 1898ರಲ್ಲಿ ವಾಪಸ್ ಬಂದರು. ದೋಣಿಯಲ್ಲಿ ಅವರೊಬ್ಬರೇ. ಹಾಗೆ ಸುತ್ತಿ ಬಂದವರಲ್ಲಿ ಅವರೇ ಮೊದಲಿಗರು. "ಸ್ಲೋಕಮ್ ಸೇಲ್ಡ್ ಅಲೋನ್ ಅರೌಂಡ್ ದಿ ವರ್ಲ್ಡ್" ಅನ್ನುವ ವಾಕ್ಯ ಅವತ್ತೂ ನಿಜ, ಇವತ್ತೂ ನಿಜ. ಈಗ ಅಲೋನ್ ಅನ್ನು ಒಂದೇ ಒಂದು ಪದದಷ್ಟು ಹಿಂದಕ್ಕೆ ಸರಿಸಿ: "ಸ್ಲೋಕಮ್ ಅಲೋನ್ ಸೇಲ್ಡ್ ಅರೌಂಡ್ ದಿ ವರ್ಲ್ಡ್." ಅಂದರೆ ಭೂಮಿ ಸುತ್ತಿ ಬಂದದ್ದು ಸ್ಲೋಕಮ್ ಒಬ್ಬರೇ, ಬೇರೆ ಯಾರೂ ಸುತ್ತಿಲ್ಲ. ಇದು ಶುದ್ಧ ಸುಳ್ಳು. ಅವರಿಗಿಂತ ಮುಂಚೆ ದೊಡ್ಡ ಹಡಗುಗಳಲ್ಲಿ ಎಷ್ಟೋ ಜನ ಸುತ್ತಿದ್ದರು, ಆಮೇಲೂ ಸುತ್ತಿದ್ದಾರೆ. ಪದಗಳು ಅವೇ, ಜಾಗ ಮಾತ್ರ ಬದಲಾಯಿತು. ನಿಜ ಹೋಗಿ ಸುಳ್ಳಾಯಿತು.

ಹಾಗಾಗಿ ಬರೆಯುವ ಮುಂಚೆ ಕನ್ನಡದಲ್ಲೇ ಒಮ್ಮೆ ಕೇಳಿಕೊಳ್ಳಿ. "ಒಬ್ಬನೇ" ಇದ್ದ ಜಾಗದಲ್ಲಿ "ಯಾರ ಜೊತೆಯೂ ಇಲ್ಲದೆ" ಅಂತ ಹಾಕಿದರೆ ಮಾತು ಕೂರುತ್ತದಾ? ಕೂತರೆ ಅಲೋನ್ ಕ್ರಿಯಾಪದದ ಆಮೇಲೆ. "ನಾನು ಮಾತ್ರ" ಅಂತ ಕೂರುತ್ತದಾ? ಹಾಗಿದ್ದರೆ ಅಲೋನ್ ಕರ್ತೃವಿನ ಪಕ್ಕ, ಇಲ್ಲವೇ ಓನ್ಲಿ ಬಳಸಿ: "ಓನ್ಲಿ ಐ ವೆಂಟ್."

ಮಾತ್ರ ಅನ್ನೋಕೆ ಓನ್ಲಿ ಇದೆಯಲ್ಲ. ಮತ್ತೆ ಅಲೋನ್ ಯಾಕೆ ಬೇಕು?

ದಿನದ ಮಾತಿಗೆ ಓನ್ಲಿ ಸಾಕು. ಅಲೋನ್‌ಗೆ ಸ್ವಲ್ಪ ಗಟ್ಟಿ ದನಿ ಇದೆ, ಬರವಣಿಗೆಗೆ ಚೆನ್ನಾಗಿ ಒಪ್ಪುತ್ತದೆ. "ಓನ್ಲಿ ಯು ಕ್ಯಾನ್ ಡಿಸೈಡ್" ಅಂದರೂ "ಯು ಅಲೋನ್ ಕ್ಯಾನ್ ಡಿಸೈಡ್" ಅಂದರೂ ವಿಷಯ ಒಂದೇ. ಆದರೆ ಎರಡನೆಯದರಲ್ಲಿ ಹೊಣೆ ಹೆಗಲ ಮೇಲೆ ಕೂತ ಹಾಗೆ ಅನ್ನಿಸುತ್ತದೆ. "ಐ ಅಲೋನ್ ಆಮ್ ರೆಸ್ಪಾನ್ಸಿಬಲ್" ಅನ್ನುವ ಮಾತಿಗೆ ಇರುವ ತೂಕ "ಓನ್ಲಿ ಐ ಆಮ್ ರೆಸ್ಪಾನ್ಸಿಬಲ್" ಅನ್ನುವುದಕ್ಕೆ ಬರುವುದಿಲ್ಲ.

ಜಾಗದ ವ್ಯತ್ಯಾಸ ನೆನಪಿರಲಿ. ಓನ್ಲಿ ತಾನು ಒತ್ತಿ ಹೇಳುವ ಪದದ ಮುಂದೆ ಬರುತ್ತದೆ, ಅಲೋನ್ ಅದರ ಹಿಂದೆ ನಿಲ್ಲುತ್ತದೆ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನ "ಮ್ಯಾನ್ ಶಲ್ ನಾಟ್ ಲಿವ್ ಬೈ ಬ್ರೆಡ್ ಅಲೋನ್" ಅನ್ನುವ ಮಾತನ್ನೇ ನೋಡಿ. ಬ್ರೆಡ್ ಮೊದಲು, ಅಲೋನ್ ಆಮೇಲೆ. ಮನುಷ್ಯನಿಗೆ ಬರೀ ರೊಟ್ಟಿ ಸಾಲದು ಅಂತ ಅರ್ಥ, ಮನುಷ್ಯ ಒಂಟಿಯಾಗಿ ಬದುಕಬಾರದು ಅಂತ ಅಲ್ಲ. ಎಷ್ಟೋ ಜನ ಹಾಗೂ ಓದಿಕೊಂಡಿರುತ್ತಾರೆ.

ಎರಡನ್ನೂ ಒಟ್ಟಿಗೆ ಹಾಕಬೇಡಿ. "ಓನ್ಲಿ ಯು ಅಲೋನ್" ಹಾಡಿನ ಸಾಲಿಗೆ ನಡೆಯಬಹುದು, ಗದ್ಯಕ್ಕೆ ಭಾರ.

ವರದಿಗಳಲ್ಲಿ "ಇನ್ ಮೇ ಅಲೋನ್" ಅಂತ ಬರುತ್ತೆ. ಮೇ ತಿಂಗಳಲ್ಲಿ ಮಾತ್ರ ಅಂತಾನಾ?

ಅಲ್ಲ. ಒಳ್ಳೆ ಇಂಗ್ಲಿಷ್ ಬರುವವರೂ ಇಲ್ಲಿ ಮೋಸ ಹೋಗುತ್ತಾರೆ.

"ಇನ್ ಮೇ ಅಲೋನ್, ಫಾರ್ಟಿ ಪೀಪಲ್ ಜಾಯಿನ್ಡ್" ಅಂದರೆ ಮೇ ಒಂದರಲ್ಲೇ ನಲವತ್ತು ಜನ ಸೇರಿದರು ಅಂತ. ಬೇರೆ ತಿಂಗಳುಗಳಲ್ಲೂ ಜನ ಸೇರಿದ್ದಾರೆ. ಅವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ ಇದೊಂದನ್ನೇ ನೋಡಿದರೂ ಎಷ್ಟಿದೆ ನೋಡಿ ಅನ್ನುವ ಧ್ವನಿ. ಇಲ್ಲಿ ಅಲೋನ್ ಸಂಖ್ಯೆಯನ್ನು ದೊಡ್ಡದಾಗಿ ತೋರಿಸುತ್ತದೆ.

"ಓನ್ಲಿ ಇನ್ ಮೇ" ಅಂತ ಬದಲಾಯಿಸಿದರೆ ಉಳಿದ ತಿಂಗಳುಗಳಲ್ಲಿ ಯಾರೂ ಸೇರಲಿಲ್ಲ ಅಂತಾಗುತ್ತದೆ. ಅರ್ಥ ಪೂರ್ತಿ ತಿರುಗಿಬಿಟ್ಟಿತು. ಅನುವಾದ ಮಾಡುವವರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕನ್ನಡದಲ್ಲಿ "ಮೇ ತಿಂಗಳಲ್ಲಿ ಮಾತ್ರ" ಅಂತ ಹಾಕಿದರೆ ತಪ್ಪು ಸುದ್ದಿ ಹೋಗುತ್ತದೆ. "ಮೇ ತಿಂಗಳೊಂದರಲ್ಲೇ" ಅನ್ನಬೇಕು.

"ದಿ ಸ್ಮೆಲ್ ಅಲೋನ್ ಮೇಡ್ ಮಿ ಹಂಗ್ರಿ" ಅನ್ನುವುದೂ ಇದೇ ಜಾತಿಯ ಮಾತು. ವಾಸನೆಯೊಂದೇ ಸಾಕಾಯಿತು ಹಸಿವಾಗಲು, ತಟ್ಟೆ ನೋಡುವುದೂ ಬೇಕಾಗಲಿಲ್ಲ ಅಂತ.

ಇಬ್ಬರು ಇದ್ದಾಗಲೂ "ದೇ ವರ್ ಅಲೋನ್" ಅನ್ನಬಹುದಾ? ಅಲೋನ್ ಅಂದ್ರೆ ಒಬ್ಬರೇ ಅಲ್ವಾ?

ಧಾರಾಳವಾಗಿ ಅನ್ನಬಹುದು. ಇಬ್ಬರ ಹೊರತು ಮೂರನೆಯವರು ಇರಲಿಲ್ಲ ಅಂತ ಅರ್ಥ. ನಾವು "ಅವರಿಬ್ಬರೇ ಇದ್ದರು" ಅನ್ನುವುದಿಲ್ಲವೇ, ಹಾಗೇ. ಗುಂಪು ಇನ್ನೂ ದೊಡ್ಡದಾಗಿದ್ದರೂ ನಡೆಯುತ್ತದೆ: "ದಿ ಫ್ಯಾಮಿಲಿ ವಾಸ್ ಅಲೋನ್ ಅಟ್ ಲಾಸ್ಟ್." ನೆಂಟರೆಲ್ಲ ಹೋದರು, ಮನೆಯವರು ಮಾತ್ರ ಉಳಿದರು.

ಅಲೋನ್ ಜೊತೆ ವಿತ್ ಕೂಡ ಬರುತ್ತದೆ. "ಶಿ ವಾಸ್ ಅಲೋನ್ ವಿತ್ ದಿ ಡಾಕ್ಟರ್" ಅಂದರೆ ಅವಳು ಮತ್ತು ಡಾಕ್ಟರ್ ಇಬ್ಬರೇ. ಮೊದಮೊದಲು ವಿಚಿತ್ರ ಅನ್ನಿಸುತ್ತದೆ, ಕೇಳುತ್ತಾ ಕೇಳುತ್ತಾ ರೂಢಿಯಾಗುತ್ತದೆ.

ಬೈ ಮೈಸೆಲ್ಫ್, ಆನ್ ಮೈ ಓನ್, ಅಲೋನ್ ಮೂರೂ ಒಂದೇನಾ?

ಹೆಚ್ಚುಕಮ್ಮಿ ಒಂದೇ. ಜೊತೆ ಇಲ್ಲದೆ ಅನ್ನುವ ಅರ್ಥದಲ್ಲಿ ಯಾವುದನ್ನಾದರೂ ಬಳಸಿ. ಯಾರ ಸಹಾಯವೂ ಇಲ್ಲದೆ ಅಂತ ಒತ್ತಿ ಹೇಳಬೇಕಾದಾಗ ಬೈ ಮೈಸೆಲ್ಫ್ ಅಥವಾ ಆನ್ ಮೈ ಓನ್ ಚೆನ್ನಾಗಿ ಕೇಳಿಸುತ್ತವೆ. ಮಗು ಮೊದಲ ಸಲ ತಾನೇ ಗುಂಡಿ ಹಾಕಿಕೊಂಡು ಬಂದು ಹೇಳುವುದು "ಐ ಡಿಡ್ ಇಟ್ ಬೈ ಮೈಸೆಲ್ಫ್" ಅಂತ. ಅಲ್ಲಿ ಅಲೋನ್ ಹೊಂದುವುದಿಲ್ಲ. ಗುಂಡಿ ಹಾಕುವಾಗ ಅಮ್ಮ ಪಕ್ಕದಲ್ಲೇ ನಿಂತಿರಬಹುದು.

ಒಂದು ಎಚ್ಚರ. "ಆನ್ ಮೈ ಓನ್" ಬೇರೆ, "ಆಫ್ ಮೈ ಓನ್" ಬೇರೆ. ಎರಡನೆಯದು ನನ್ನದೇ ಸ್ವಂತದ್ದು ಅಂತ: "ಎ ರೂಮ್ ಆಫ್ ಮೈ ಓನ್."

"ವೆರಿ ಅಲೋನ್" ಅನ್ನಬಹುದಾ?

ಸ್ಥಿತಿಯ ಅರ್ಥದಲ್ಲಿ ಬೇಡ. ಒಬ್ಬರು ಒಬ್ಬರೇ ಇರುತ್ತಾರೆ ಇಲ್ಲವೇ ಇರುವುದಿಲ್ಲ, ಅದರಲ್ಲಿ ಹೆಚ್ಚು ಕಡಿಮೆ ಇಲ್ಲ. ಒತ್ತಿ ಹೇಳಲು ಆಲ್ ಅಲೋನ್ ಅನ್ನುತ್ತಾರೆ. ಅಲೆಕ್ಸಾಂಡರ್ ಸೆಲ್‌ಕರ್ಕ್ ಅನ್ನುವ ನಾವಿಕ 1704ರಿಂದ 1709ರವರೆಗೆ ಪೆಸಿಫಿಕ್ ಸಾಗರದ ಜನವಸತಿ ಇಲ್ಲದ ದ್ವೀಪದಲ್ಲಿ ಒಬ್ಬನೇ ಇದ್ದ. ಅವನ ಬಗ್ಗೆ ಹೇಳುವಾಗ "ಹಿ ವಾಸ್ ಆಲ್ ಅಲೋನ್" ಅನ್ನುವುದು ಸರಿಯಾದ ಮಾತು.

ಮನಸ್ಸಿನ ಅನುಭವ ಹೇಳುವಾಗ ಮಾತ್ರ ನಿಯಮ ಸಡಿಲವಾಗುತ್ತದೆ. "ಐ ಫೆಲ್ಟ್ ವೆರಿ ಅಲೋನ್", "ಐ ಹ್ಯಾವ್ ನೆವರ್ ಫೆಲ್ಟ್ ಮೋರ್ ಅಲೋನ್" ಇವನ್ನು ಇಂಗ್ಲಿಷ್ ಮನೆಮಾತಿನವರೇ ಹೇಳುತ್ತಾರೆ. ಅಲ್ಲಿ ಅಲೋನ್ ತನ್ನ ಜಾಗ ಬಿಟ್ಟು ಲೋನ್ಲಿಯ ಹತ್ತಿರ ಹೋಗಿರುತ್ತದೆ.

## ನುಡಿಗಟ್ಟುಗಳಲ್ಲಿ

"ಲೀವ್ ಮಿ ಅಲೋನ್" ಅಂದ್ರೆ ನನ್ನ ಒಂಟಿಯಾಗಿ ಬಿಟ್ಟು ಹೋಗು ಅಂತಾನಾ?

ಕೆಲವು ಸಲ ಹೌದು. ಜಾಸ್ತಿ ಸಲ ಅದರ ಅರ್ಥ "ನನ್ನ ಪಾಡಿಗೆ ನನ್ನ ಬಿಡು, ಕಾಡಬೇಡ" ಅಂತ. ಹೇಳಿದವರು ಕೋಣೆ ಬಿಟ್ಟು ಹೋಗಿ ಅಂತ ಕೇಳುತ್ತಿರಬೇಕಾಗಿಲ್ಲ, ತಂಟೆ ನಿಲ್ಲಿಸಿ ಅಂತ ಕೇಳುತ್ತಿರಬಹುದು.

ವಸ್ತುವಿಗೂ ಹೀಗೇ ಹೇಳುತ್ತಾರೆ. "ಲೀವ್ ದಟ್ ಸ್ವಿಚ್ ಅಲೋನ್" ಅಂದರೆ ಆ ಸ್ವಿಚ್ ಮುಟ್ಟಬೇಡ. "ಲೀವ್ ವೆಲ್ ಅಲೋನ್" ಅಂದರೆ ಸರಿಯಾಗಿ ನಡೆಯುತ್ತಿರುವುದನ್ನು ಕೆದಕಲು ಹೋಗಬೇಡ. ಅಮೆರಿಕದವರು ಇದನ್ನೇ "ಲೀವ್ ವೆಲ್ ಇನಫ್ ಅಲೋನ್" ಅನ್ನುತ್ತಾರೆ.

"ಲೆಟ್ ಅಲೋನ್" ಎಲ್ಲಿ ಬಳಸಬೇಕು ಅಂತಾನೇ ಗೊತ್ತಾಗಲ್ಲ. ಪ್ರತಿ ಸಲ ಉಲ್ಟಾ ಆಗುತ್ತೆ.

ಉಲ್ಟಾ ಆಗುವುದಕ್ಕೆ ಒಳ್ಳೆ ಕಾರಣ ಇದೆ. ತಪ್ಪು ನಿಮ್ಮದಲ್ಲ, ಎರಡು ಭಾಷೆಗಳ ಕ್ರಮವೇ ಬೇರೆ.

ಕನ್ನಡದಲ್ಲಿ ಹೇಗೆ ಹೇಳುತ್ತೇವೆ? "ಓಡುವುದಿರಲಿ, ಅವನಿಗೆ ನಡೆಯಲೂ ಆಗುವುದಿಲ್ಲ." ಕಷ್ಟದ ಕೆಲಸ ಓಡುವುದು, ಅದು ಮೊದಲು ಬಂತು. ಸುಲಭದ ಕೆಲಸ ನಡೆಯುವುದು, ಅದು ಆಮೇಲೆ. ಇಂಗ್ಲಿಷಿನಲ್ಲಿ ಇದೇ ಮಾತು "ಹಿ ಕಾಂಟ್ ವಾಕ್, ಲೆಟ್ ಅಲೋನ್ ರನ್." ಸುಲಭದ್ದು ಮೊದಲು, ಕಷ್ಟದ್ದು ಲೆಟ್ ಅಲೋನ್ ಆದ ಮೇಲೆ. ಕನ್ನಡದ ಕ್ರಮದಲ್ಲೇ ಯೋಚಿಸಿ "ಹಿ ಕಾಂಟ್ ರನ್, ಲೆಟ್ ಅಲೋನ್ ವಾಕ್" ಅಂದುಬಿಟ್ಟರೆ ಓಡಲು ಬಾರದವನಿಗೆ ನಡೆಯುವುದು ಇನ್ನೂ ಕಷ್ಟ ಅಂತ ಅರ್ಥ ಬರುತ್ತದೆ.

ನೆನಪಿಡಲು ಒಂದು ದಾರಿ: ನಮ್ಮ "ಇರಲಿ" ಅಂಟಿಕೊಂಡ ಪದ ಯಾವುದೋ ಅದೇ ಇಂಗ್ಲಿಷಿನಲ್ಲಿ ಲೆಟ್ ಅಲೋನ್ ಆದ ಮೇಲೆ ಬರಬೇಕು. "ಓಡುವುದಿರಲಿ", ಆದ್ದರಿಂದ "ಲೆಟ್ ಅಲೋನ್ ರನ್." "ಪುಸ್ತಕವಿರಲಿ, ಒಂದು ಪುಟವನ್ನೂ ಓದಿಲ್ಲ", ಆದ್ದರಿಂದ "ಐ ಹ್ಯಾವ್ ನಾಟ್ ರೆಡ್ ಎ ಪೇಜ್, ಲೆಟ್ ಅಲೋನ್ ದಿ ಬುಕ್."

ಇನ್ನೆರಡು ಮಾತು. ಲೆಟ್ ಅಲೋನ್ ಸಾಮಾನ್ಯವಾಗಿ ಇಲ್ಲ, ಆಗದು ಅನ್ನುವ ವಾಕ್ಯದಲ್ಲೇ ಬರುತ್ತದೆ. "ಹಿ ಕ್ಯಾನ್ ವಾಕ್, ಲೆಟ್ ಅಲೋನ್ ರನ್" ಅಂತ ಹೌದು ಅನ್ನುವ ವಾಕ್ಯಕ್ಕೆ ಜೋಡಿಸಿದರೆ ಕಿವಿಗೆ ಒಗ್ಗುವುದಿಲ್ಲ. ಮತ್ತೆ, ಅದರ ಎರಡೂ ಕಡೆ ಒಂದೇ ಜಾತಿಯ ಪದ ಇರಬೇಕು. ವಾಕ್ ಕ್ರಿಯಾಪದ ಆದರೆ ಆ ಕಡೆ ರನ್, ಪೇಜ್ ನಾಮಪದ ಆದರೆ ಆ ಕಡೆ ಬುಕ್.

ಇಷ್ಟು ಚಿಕ್ಕ ನುಡಿಗಟ್ಟಿನಲ್ಲಿ ಇಷ್ಟೊಂದು ಏನಿದೆ ಅನ್ನಿಸಿದರೆ ಇದನ್ನೂ ಕೇಳಿ. 1988ರಲ್ಲಿ ಚಾರ್ಲ್ಸ್ ಫಿಲ್ಮೋರ್, ಪಾಲ್ ಕೇ, ಮೇರಿ ಕ್ಯಾಥರೀನ್ ಓಕಾನರ್ ಅನ್ನುವ ಮೂವರು ಭಾಷಾವಿಜ್ಞಾನಿಗಳು ಈ ಎರಡು ಪದಗಳನ್ನೇ ಮುಂದಿಟ್ಟುಕೊಂಡು ಒಂದು ಉದ್ದದ ಲೇಖನ ಬರೆದರು. ಬಿಡಿ ಪದಗಳ ಅರ್ಥ ಕೂಡಿಸಿದರೆ ನುಡಿಗಟ್ಟಿನ ಅರ್ಥ ಸಿಗುವುದಿಲ್ಲ, ಆದರೂ ಅದಕ್ಕೆ ತನ್ನದೇ ಆದ ಬಿಗಿ ನಿಯಮಗಳಿವೆ ಅಂತ ಅವರು ತೋರಿಸಿದರು. ವ್ಯಾಕರಣವನ್ನು ನೋಡುವ ಒಂದು ಹೊಸ ದಾರಿಗೇ ಆ ಲೇಖನ ಅಡಿಪಾಯವಾಯಿತು.

ಲೆಟ್ ಅಲೋನ್ ಅನ್ನೋ ಕಡೆ "ಲೀವ್ ಅಲೋನ್" ಅಂತ ಹೇಳೋದನ್ನ ಕೇಳಿದ್ದೇನೆ. ಎರಡೂ ನಡೆಯುತ್ತಾ?

ಭಾರತದ ಇಂಗ್ಲಿಷಿನಲ್ಲಿ "ಹಿ ಕಾಂಟ್ ವಾಕ್, ಲೀವ್ ಅಲೋನ್ ರನ್" ಅನ್ನುವುದು ಸಾಕಷ್ಟು ಕೇಳಿಸುತ್ತದೆ. ನಮ್ಮ ನಡುವೆ ಎಲ್ಲರಿಗೂ ಅರ್ಥವಾಗುತ್ತದೆ. ಹೊರಗಿನವರು ಓದುವ ಬರವಣಿಗೆಯಲ್ಲಿ ಲೆಟ್ ಅಲೋನ್ ಅಂತಲೇ ಬರೆಯಿರಿ.

ಯಾರಾದ್ರೂ ಕಷ್ಟದಲ್ಲಿದ್ದಾಗ "ಯು ಆರ್ ನಾಟ್ ಅಲೋನ್" ಅಂತಾರೆ. ಪಕ್ಕದಲ್ಲಿ ಯಾರೋ ಇದ್ದಾರೆ ಅಂತಾನಾ?

ಪಕ್ಕದಲ್ಲಿ ಇರಬೇಕು ಅಂತೇನಿಲ್ಲ. ಇದೇ ಕಷ್ಟ ಪಟ್ಟವರು ಇನ್ನೂ ಇದ್ದಾರೆ, ಅಥವಾ ನಿನ್ನ ಬೆನ್ನಿಗೆ ನಾವಿದ್ದೇವೆ ಅಂತ ಅರ್ಥ. ಅಭಿಪ್ರಾಯದ ವಿಷಯಕ್ಕೂ ಇದು ಬರುತ್ತದೆ. "ಶಿ ಈಸ್ ನಾಟ್ ಅಲೋನ್ ಇನ್ ಥಿಂಕಿಂಗ್ ಸೋ" ಅಂದರೆ ಹಾಗೆ ಯೋಚಿಸುವವಳು ಅವಳೊಬ್ಬಳೇ ಅಲ್ಲ. ಇಲ್ಲಿ ಇನ್ ಅನ್ನುವುದನ್ನು ಮರೆಯಬೇಡಿ.

ಗೋ ಇಟ್ ಅಲೋನ್, ಸ್ಟ್ಯಾಂಡ್ ಅಲೋನ್ ಇವೆಲ್ಲ ಏನು?

ಗೋ ಇಟ್ ಅಲೋನ್ ಅಂದರೆ ಯಾರನ್ನೂ ಸೇರಿಸಿಕೊಳ್ಳದೆ ತಾನೇ ಒಂದು ಕೆಲಸಕ್ಕೆ ಇಳಿಯುವುದು. ಪಾಲುದಾರರಿಂದ ಬೇರೆಯಾಗಿ ವ್ಯಾಪಾರ ಶುರು ಮಾಡಿದವರ ಬಗ್ಗೆ ಹೀಗೆ ಹೇಳುತ್ತಾರೆ. ನಡುವಿನ ಇಟ್ ತೆಗೆದರೆ ಬರೀ ಒಬ್ಬನೇ ಹೋಗು ಅಂತಾಗುತ್ತದೆ. ಸ್ಟ್ಯಾಂಡ್ ಅಲೋನ್ ಅಂದರೆ ಬೆಂಬಲ ಇಲ್ಲದೆ ನಿಲ್ಲುವುದು, ಇಲ್ಲವೇ ಸರಿಸಾಟಿ ಇಲ್ಲದಿರುವುದು. ಎರಡು ಪದ ಸೇರಿಸಿ ಗುಣವಾಚಕ ಮಾಡಿದರೆ ಬೇರೆ ಏನನ್ನೂ ಜೋಡಿಸದೆ ತಾನೇ ಕೆಲಸ ಮಾಡುವ ಯಂತ್ರ ಅಥವಾ ಸಾಫ್ಟ್‌ವೇರ್.

## ಇನ್ನೂ ಆಳದ ಪ್ರಶ್ನೆಗಳು

ನಿಘಂಟಿನಲ್ಲಿ ಗುಣವಾಚಕ ಅಂತಾನೂ ಇದೆ, ಕ್ರಿಯಾವಿಶೇಷಣ ಅಂತಾನೂ ಇದೆ. ಯಾವುದು ಸರಿ?

ಎರಡೂ. "ಶಿ ಈಸ್ ಅಲೋನ್" ಅನ್ನುವಲ್ಲಿ ಅವಳ ಸ್ಥಿತಿ ಹೇಳುತ್ತಿದೆ, ಆದ್ದರಿಂದ ಗುಣವಾಚಕ. "ಶಿ ವರ್ಕ್ಸ್ ಅಲೋನ್" ಅನ್ನುವಲ್ಲಿ ಕೆಲಸದ ರೀತಿ ಹೇಳುತ್ತಿದೆ, ಆದ್ದರಿಂದ ಕ್ರಿಯಾವಿಶೇಷಣ. ಮಾತ್ರ ಅನ್ನುವ ಅರ್ಥದ ಅಲೋನ್ ಅನ್ನು ನಿಘಂಟುಗಳು ಸಾಮಾನ್ಯವಾಗಿ ಕ್ರಿಯಾವಿಶೇಷಣದ ಕೆಳಗೇ ಹಾಕುತ್ತವೆ. ಬಳಸುವಾಗ ಈ ಹೆಸರುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಒನ್ ಅನ್ನೋದನ್ನ "ವನ್" ಅಂತೀವಿ. ಅಲೋನ್‌ನಲ್ಲಿ ಅದೇ ಒನ್ ಇದ್ದರೆ "ಅಲ್‌ವನ್" ಅಂತ ಯಾಕಾಗಲಿಲ್ಲ?

ಚೆನ್ನಾಗಿ ಗಮನಿಸಿದ್ದೀರಿ. ಅಲೋನ್ ಹುಟ್ಟಿದ್ದು ಆಲ್ ಮತ್ತು ಒನ್ ಸೇರಿಕೊಂಡು. ಪೂರ್ತಿ ಒಬ್ಬನೇ ಅಂತ ಅರ್ಥ. ಸುಮಾರು 1300ರ ಹೊತ್ತಿಗೆ ಅವು ಒಂದೇ ಪದವಾಗಿ ಅಂಟಿಕೊಳ್ಳುತ್ತಿದ್ದವು. ಆಗ ಒನ್ ಅನ್ನುವುದರ ಮುಂದೆ "ವ" ಸದ್ದು ಬಂದಿರಲಿಲ್ಲ. ಆಮೇಲೆ ಬಿಡಿ ಪದವಾದ ಒನ್‌ನ ಉಚ್ಚಾರಣೆ ಬದಲಾಗಿ ವನ್ ಆಯಿತು. ಅಂಟಿಕೊಂಡ ಪದಗಳಲ್ಲಿ ಹಳೆಯ ಸದ್ದೇ ಉಳಿಯಿತು. ಅಲೋನ್, ಓನ್ಲಿ, ಅಟೋನ್ ಮೂರರಲ್ಲೂ ಅದು ಕೇಳಿಸುತ್ತದೆ. ಅಟೋನ್ ಕೂಡ ಅಟ್ ಮತ್ತು ಒನ್ ಸೇರಿದ್ದು.

ಲೋನ್ ಅನ್ನುವುದು ಅಲೋನ್‌ನ ತಲೆ ಕತ್ತರಿಸಿದ ರೂಪ. ಅದಕ್ಕೆ "ಲಿ" ಸೇರಿ 1600ರ ಆಸುಪಾಸಿನಲ್ಲಿ ಲೋನ್ಲಿ ಬಂತು. ಶೇಕ್ಸ್‌ಪಿಯರ್‌ನ ಕೊರಿಯೊಲೇನಸ್ ನಾಟಕದಲ್ಲಿ ಅಲೋನ್ ಮತ್ತು ಲೋನ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಅಲ್ಲಿ ಲೋನ್ಲಿ ಅಂದರೆ ಒಬ್ಬಂಟಿಯಾದ ಅಂತ ಅಷ್ಟೇ. ಕೊರಗಿನ ಅರ್ಥ ಬಹಳ ಆಮೇಲೆ ಸೇರಿಕೊಂಡಿತು. ಕನ್ನಡದ ಒಬ್ಬ, ಒಂಟಿ, ಒಬ್ಬಂಟಿಗಳೂ ಹುಟ್ಟಿದ್ದು ಒಂದು ಅನ್ನುವ ಎಣಿಕೆಯ ಬೇರಿನಿಂದಲೇ.

ಅಲೋನ್ ಬಂದಾಗ ಕ್ರಿಯಾಪದ ಏಕವಚನ ಆಗಬೇಕಾ?

ಅಲೋನ್ ಅದನ್ನು ನಿರ್ಧರಿಸುವುದಿಲ್ಲ. ಅದರ ಹಿಂದಿನ ಪದ ನೋಡಿ. "ಶಿ ಅಲೋನ್ ನೋಸ್", "ದೇ ಅಲೋನ್ ನೋ", "ದಿ ಬುಕ್ಸ್ ಅಲೋನ್ ವೇ ಟ್ವೆಂಟಿ ಕಿಲೋಸ್."

ಸೋಲ್ಲಿ, ಸಿಂಗ್ಲಿ ಅಂತ ಇವೆಯಲ್ಲ, ಅಲೋನ್ ಬದಲು ಅವನ್ನ ಹಾಕಬಹುದಾ?

ಸೋಲ್ಲಿ ಅಂದರೆ ಕೇವಲ, ಪೂರ್ತಿಯಾಗಿ ಅದೊಂದರಿಂದಲೇ. ಕರಾರುಪತ್ರ, ನಿಯಮಗಳ ಭಾಷೆಯಲ್ಲಿ ಅದಕ್ಕೆ ಒಳ್ಳೆ ಜಾಗ ಇದೆ: "ಸೋಲ್ಲಿ ರೆಸ್ಪಾನ್ಸಿಬಲ್." ಜೊತೆ ಇಲ್ಲದೆ ಅನ್ನುವ ಅರ್ಥ ಅದಕ್ಕಿಲ್ಲ, ಹಾಗಾಗಿ "ಐ ವೆಂಟ್ ಸೋಲ್ಲಿ" ಆಗುವುದಿಲ್ಲ. ಸಿಂಗ್ಲಿ ಅಂದರೆ ಒಂದೊಂದಾಗಿ, ಬಿಡಿಬಿಡಿಯಾಗಿ. "ದೇ ಕೇಮ್ ಅಲೋನ್" ಅಂದರೆ ಬೇರೆಯವರನ್ನು ಕರೆತರಲಿಲ್ಲ, "ದೇ ಕೇಮ್ ಸಿಂಗ್ಲಿ" ಅಂದರೆ ಒಬ್ಬೊಬ್ಬರಾಗಿ ಬಂದರು.

ಇದರ ನಾಮಪದ ಯಾವುದು? ಲೋನ್ಲಿನೆಸ್ಸಾ, ಸಾಲಿಟ್ಯೂಡಾ?

ಲೋನ್ಲಿನೆಸ್ ಲೋನ್ಲಿಯ ನಾಮಪದ, ಅದರಲ್ಲಿ ನೋವು ಇದೆ. ಸಾಲಿಟ್ಯೂಡ್ ಅಂದರೆ ಏಕಾಂತ, ಬಹಳ ಸಲ ಬೇಕೆಂದೇ ಆರಿಸಿಕೊಂಡದ್ದು. ಬರೀ ಒಬ್ಬರೇ ಇರುವ ಸ್ಥಿತಿಗೆ ಅಲೋನ್‌ನೆಸ್ ಅನ್ನುವ ಪದವೂ ಇದೆ, ಬಳಕೆ ಕಡಿಮೆ. ಅನುವಾದ ಮಾಡುವಾಗ ಮೂರಕ್ಕೂ "ಒಂಟಿತನ" ಅಂತ ಹಾಕುವುದನ್ನು ದಯವಿಟ್ಟು ಬಿಡಿ. ಏಕಾಂತವನ್ನು ಒಂಟಿತನ ಮಾಡಿದರೆ ಬರೆದವರ ಸಂತೋಷವನ್ನೇ ದುಃಖ ಮಾಡಿದ ಹಾಗಾಗುತ್ತದೆ.

"ಐ ವಾಂಟ್ ಟು ಟಾಕ್ ಟು ಹಿಮ್ ಅಲೋನ್" ಅಂತ ಮೇಲ್ ಬರೆದೆ. ಅವರು ಬೇರೆ ಏನೋ ತಿಳ್ಕೊಂಡ್ರು. ವಾಕ್ಯದಲ್ಲಿ ತಪ್ಪೇನಿದೆ?

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಆ ವಾಕ್ಯ ಮೂರು ಥರ ಓದಿಸಿಕೊಳ್ಳುತ್ತದೆ. ಅವರ ಜೊತೆ ಬೇರೆ ಯಾರೂ ಇಲ್ಲದಾಗ, ಗುಟ್ಟಾಗಿ ಮಾತಾಡಬೇಕು ಅಂತ ಒಂದು. ಅವರ ಹತ್ತಿರ ಮಾತ್ರ ಮಾತಾಡುತ್ತೇನೆ, ಬೇರೆಯವರ ಹತ್ತಿರ ಆಡುವುದಿಲ್ಲ ಅಂತ ಇನ್ನೊಂದು. ನನ್ನ ಕಡೆಯಿಂದ ನಾನೊಬ್ಬನೇ ಬರುತ್ತೇನೆ ಅಂತ ಮೂರನೆಯದು. ಎದುರಿಗೆ ನಿಂತು ಹೇಳಿದರೆ ದನಿಯೇ ಅರ್ಥ ಬಿಡಿಸುತ್ತದೆ. ಮೇಲ್‌ಗೆ ದನಿ ಇಲ್ಲ.

ಹಾಗಾಗಿ ಬರವಣಿಗೆಯಲ್ಲಿ ಮೂರಕ್ಕೂ ಬೇರೆ ಬೇರೆ ವಾಕ್ಯ ಇಟ್ಟುಕೊಳ್ಳಿ. ಗುಟ್ಟಿನ ಮಾತಾದರೆ "ಐ ವಾಂಟ್ ಟು ಟಾಕ್ ಟು ಹಿಮ್ ಇನ್ ಪ್ರೈವೇಟ್." ಅವರ ಹತ್ತಿರ ಮಾತ್ರ ಅಂತಾದರೆ "ಐ ವಾಂಟ್ ಟು ಟಾಕ್ ಓನ್ಲಿ ಟು ಹಿಮ್." ನೀವೊಬ್ಬರೇ ಬರುವುದಾದರೆ "ಐ ವಿಲ್ ಕಮ್ ಅಲೋನ್ ಟು ಟಾಕ್ ಟು ಹಿಮ್." ಮೂರನೆಯದರಲ್ಲಿ ಮಾತ್ರ ಅಲೋನ್ ಉಳಿದಿದೆ ನೋಡಿ. ಕಮ್ ಅನ್ನುವುದರ ಪಕ್ಕದಲ್ಲೇ ಇರುವುದರಿಂದ ಒಬ್ಬರೇ ಬರುವವರು ಯಾರು ಅನ್ನುವ ಅನುಮಾನ ಉಳಿಯುವುದಿಲ್ಲ.